ನಮ್ಮ ರಕ್ತ ಲ್ಯಾಬಿನ ಒಳಗೆ, ನಮ್ಮ ಮಕ್ಕಳು ಗೇಟಿನ ಹೊರಗೆ



ಇವತ್ತಿನದು ಸ್ವಲ್ಪ ಉದ್ದದ ಪೋಸ್ಟು. ರೋಸ್ಟರ್, ಬ್ಯಾಕ್‌ಲಾಗ್ ಹುದ್ದೆ, ಹಾಸ್ಟೆಲ್ ಊಟ, ಸ್ಮಶಾನದ ಜಾಗ ಅಂತ ಬರೆಯೋನು ಈ ಸಲ ಪಿಎಚ್‌ಡಿ ಬಗ್ಗೆ ಬರೀತಿದ್ದೀನಿ. ಅದರಲ್ಲೂ ಜೀವವಿಕಾಸ ಮತ್ತು ಡೇಟಾ ಸೈನ್ಸ್ ಎರಡನ್ನೂ ಸೇರಿಸಿ ಕಲಿಸೋ ಪಿಎಚ್‌ಡಿ ಬಗ್ಗೆ. ಬಿಎ ಓದಿ ಕಚೇರಿಯಲ್ಲಿ ಟಪಾಲು ನೋಡೋ ಗುಮಾಸ್ತನಿಗೆ ಇದೆಲ್ಲ ಯಾಕೆ ಅಂತ ಕೇಳೋರು ಇದ್ದೇ ಇರ್ತಾರೆ. ಪೂರ್ತಿ ಓದಿ, ಆಮೇಲೆ ಕೇಳಿ.

ಮೊದಲು ಈ ವಿದ್ಯೆ ಏನು ಅಂತ ನನಗೆ ಅರ್ಥವಾದ ಹಾಗೆ ಹೇಳ್ತೀನಿ. ಡಾರ್ವಿನ್ ಕಾಲದಲ್ಲಿ ವಿಕಾಸ ಓದೋದು ಅಂದ್ರೆ ಹಕ್ಕಿಯ ಕೊಕ್ಕು ಅಳೆಯೋದು, ಮೂಳೆಗೆ ಮೂಳೆ ಹೋಲಿಸೋದು. ಈಗ ಒಬ್ಬ ಮನುಷ್ಯನ ಜೀನೋಮ್ ಅಂದ್ರೆ ಸುಮಾರು 300 ಕೋಟಿ ಅಕ್ಷರ. ಕೊರೊನಾ ವೈರಸ್ಸಿನದು ಸುಮಾರು 30,000 ಅಕ್ಷರ, ಆದರೆ ಅಂಥ ಲಕ್ಷಾಂತರ ಸ್ಯಾಂಪಲ್. ಡೆಲ್ಟಾ ಎಲ್ಲಿಂದ ಕವಲೊಡೀತು, ಒಮಿಕ್ರಾನ್ ಹೇಗೆ ಹರಡ್ತು ಅಂತ ನಮಗೆ ಟಿವಿಯಲ್ಲಿ ಹೇಳಿದ್ರಲ್ಲ, ಅದು ಮೈಕ್ರೋಸ್ಕೋಪಲ್ಲಿ ಕಣ್ಣಿಟ್ಟು ಕಂಡದ್ದಲ್ಲ. ಅಕ್ಷರಗಳ ವ್ಯತ್ಯಾಸ ಲೆಕ್ಕ ಹಾಕಿ, ವೈರಸ್ಸಿಗೊಂದು ವಂಶವೃಕ್ಷ ಬರೆದು ಕಂಡುಕೊಂಡದ್ದು. ಅದಕ್ಕೆ ಜೀವಶಾಸ್ತ್ರ ಗೊತ್ತಿರಬೇಕು, ಸಂಖ್ಯಾಶಾಸ್ತ್ರ ಗೊತ್ತಿರಬೇಕು, ಕೋಡಿಂಗೂ ಬರಬೇಕು. ಒಂದೇ ತಲೆಯಲ್ಲಿ ಈ ಮೂರೂ ಇರೋ ಮನುಷ್ಯರನ್ನ ತಯಾರು ಮಾಡೋಕೇ ಇಂಥ ಅಂತರಶಿಸ್ತೀಯ ಪಿಎಚ್‌ಡಿ ಶುರುವಾಗಿದ್ದು. ಜರ್ಮನಿಯ ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯದಲ್ಲಿ ವಿಕಾಸದ ಮೇಲಿನ ಇಂಥ ಒಂದು ಡಾಕ್ಟರೇಟ್ ತರಬೇತಿಯಲ್ಲಿ ಜೀವಶಾಸ್ತ್ರ, ವೈದ್ಯಶಾಸ್ತ್ರದ ಜೊತೆ ತತ್ವಶಾಸ್ತ್ರದವರನ್ನೂ ಕೂರಿಸಿದ್ದಾರೆ.

ಇದು ನಮ್ಮ ದೇಶಕ್ಕೆ ಹೊಸದೂ ಅಲ್ಲ. ವಿಕಾಸವನ್ನು ಗಣಿತದಲ್ಲಿ ಬರೆದ ದೊಡ್ಡವರಲ್ಲಿ ಒಬ್ಬರು ಜೆ.ಬಿ.ಎಸ್. ಹಾಲ್ಡೇನ್. 1957ರಲ್ಲಿ ಇಂಗ್ಲೆಂಡ್ ಬಿಟ್ಟು ಕಲ್ಕತ್ತಾಗೆ ಬಂದು ಮಹಲನೋಬಿಸ್ ಅವರ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಸೇರಿದರು, ಭಾರತದ ಪೌರತ್ವ ತಗೊಂಡರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಈ ಹಾಲ್ಡೇನ್‌ಗೆ ವಿಜ್ಞಾನದ ಒಂದು ಡಿಗ್ರಿಯೂ ಇರಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಓದಿದ್ದು ಗಣಿತ ಮತ್ತು ಗ್ರೀಕ್-ಲ್ಯಾಟಿನ್ ಸಾಹಿತ್ಯ. ನೆನಪಿಟ್ಟುಕೊಳ್ಳಿ, ಈ ವಿಷಯ ಮುಂದೆ ಬೇಕಾಗುತ್ತೆ.

*

ಈಗ ನಮ್ಮ ವಿಷಯಕ್ಕೆ ಬರ್ತೀನಿ.

1916ರ ಮೇ 9. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ. ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರ ಸೆಮಿನಾರ್. 25 ವರ್ಷದ ಒಬ್ಬ ವಿದ್ಯಾರ್ಥಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದ್ತಾರೆ. ಜಾತಿಯ ಮೂಲ ಗುಟ್ಟು ಮಡಿ-ಮೈಲಿಗೆ ಅಲ್ಲ, ಕಸುಬೂ ಅಲ್ಲ, ತನ್ನ ಗುಂಪಿನ ಒಳಗೇ ಮದುವೆ ಅನ್ನೋ ಬೇಲಿ ಅಂತ ಹೇಳ್ತಾರೆ. ಅವರು ಅಲ್ಲಿಗೆ ಹೋಗಿದ್ದು ಅರ್ಥಶಾಸ್ತ್ರಕ್ಕೆ. ಆದರೆ ಇತಿಹಾಸ, ಸಮಾಜಶಾಸ್ತ್ರ, ಮಾನವಶಾಸ್ತ್ರ, ತತ್ವಶಾಸ್ತ್ರ ಎಲ್ಲ ಕ್ಲಾಸಲ್ಲೂ ಕೂತರು. ಇವತ್ತು ಯಾವುದನ್ನ ಇಂಟರ್‌ಡಿಸಿಪ್ಲಿನರಿ ಅಂತ ಬ್ರೋಷರಲ್ಲಿ ಅಚ್ಚು ಹಾಕ್ತಾರೋ, ಬಾಬಾಸಾಹೇಬರು ಅದನ್ನ ನೂರು ವರ್ಷದ ಹಿಂದೆ ಮಾಡಿದ್ದರು.

ಅದಾಗಿ 97 ವರ್ಷಕ್ಕೆ, 2013ರಲ್ಲಿ, ಹೈದರಾಬಾದಿನ ಸಿಸಿಎಂಬಿ ಮತ್ತು ಅಮೆರಿಕದ ಹಾರ್ವರ್ಡ್ ವಿಜ್ಞಾನಿಗಳು ಸೇರಿ ದಕ್ಷಿಣ ಏಷ್ಯಾದ 73 ಗುಂಪುಗಳ ಡಿಎನ್‌ಎ ಲೆಕ್ಕ ಹಾಕಿದರು. ಸುಮಾರು 4,200ರಿಂದ 1,900 ವರ್ಷದ ಹಿಂದಿನವರೆಗೆ ಈ ನೆಲದ ಜನ ಧಾರಾಳವಾಗಿ ಬೆರೆತಿದ್ದಾರೆ. ಮೇಲಿನವರು, ಕೆಳಗಿನವರು, ಕಾಡಿನವರು, ಯಾರೂ ಈ ಬೆರಕೆಯಿಂದ ಹೊರಗಿಲ್ಲ. ಆಮೇಲೆ ಬೇಲಿ ಬಿದ್ದಿದೆ. 2016ರಲ್ಲಿ ಬಂಗಾಳದ ಕಲ್ಯಾಣಿಯ ವಿಜ್ಞಾನಿಗಳು ಇನ್ನೊಂದು ಲೆಕ್ಕ ಕೊಟ್ಟರು: ಬೇಲಿ ಬಿದ್ದು ಸುಮಾರು 70 ತಲೆಮಾರು ಆಯಿತು. ಬಾಬಾಸಾಹೇಬರು ಪುಸ್ತಕ, ಪದ್ಧತಿ, ತರ್ಕ ಇಟ್ಟುಕೊಂಡು ಹೇಳಿದ್ದನ್ನೇ ಕಂಪ್ಯೂಟರು ರಕ್ತದಲ್ಲಿ ಓದಿತು.

ನಾನು ಗುಮಾಸ್ತ, ಕ್ಯಾಲ್ಕುಲೇಟರ್ ಕೈಯಲ್ಲೇ ಇರುತ್ತೆ. 70 ತಲೆಮಾರು ಅಂದ್ರೆ ಎಷ್ಟು ವರ್ಷ? ಒಂದು ತಲೆಮಾರಿಗೆ 22.5 ವರ್ಷ ಹಿಡಿದರೆ 1,575 ವರ್ಷ. ಅಂದ್ರೆ ಗುಪ್ತರ ಕಾಲ. 29 ವರ್ಷ ಹಿಡಿದರೆ 2,030 ವರ್ಷ. ಅಂದ್ರೆ ಶಾತವಾಹನರ ಕಾಲ. ವಿಜ್ಞಾನಿಗಳು ಈ ಎರಡೂ ಸಂಖ್ಯೆಯನ್ನ ಬಳಸ್ತಾರೆ. ಆ ಒಂದು ಸಂಖ್ಯೆ ಆಚೀಚೆ ಆದರೆ ಜಾತಿಯ ಬೇಲಿ ಹಾಕಿದ ಕಾಲವೇ ನಾಲ್ಕೂವರೆ ಶತಮಾನ ಜರುಗುತ್ತೆ! ನಮ್ಮ ಅಜ್ಜಿಯರ ಅಜ್ಜಿಯರು ಯಾವ ವಯಸ್ಸಿಗೆ ಹೆತ್ತರು ಅನ್ನೋ ಪ್ರಶ್ನೆ ಅದು. ಹದಿನೈದಕ್ಕೇ ಮದುವೆ ಮಾಡಿಸಿಕೊಂಡ ಅಜ್ಜಿಯನ್ನ ಕಣ್ಣಾರೆ ನೋಡಿ ಬೆಳೆದ ಹುಡುಗಿ ಆ ಲ್ಯಾಬಲ್ಲಿ ಇದ್ದರೆ, ಎಲ್ಲ ಜಾತಿಗೂ, ಎಲ್ಲ ಕಾಲಕ್ಕೂ ಒಂದೇ ಸಂಖ್ಯೆ ಹಾಕಬಹುದಾ ಅಂತ ಕೇಳ್ತಾಳೆ. ಅದು ಕಣ್ಣೀರಿನ ಪ್ರಶ್ನೆಯಲ್ಲ, ವಿಜ್ಞಾನದ ಪ್ರಶ್ನೆ.

ಇನ್ನೊಂದು ಉದಾಹರಣೆ. ಕರ್ನಾಟಕದಲ್ಲಿ ಒಬ್ಬ ಸಂಶೋಧಕ ಸ್ಯಾಂಪಲ್ ತಗೊಳ್ಳೋಕೆ ಊರಿಗೆ ಬರ್ತಾನೆ ಅಂತಿಟ್ಟುಕೊಳ್ಳಿ. ಜಾತಿ ಸರ್ಟಿಫಿಕೇಟ್ ನೋಡ್ತಾನೆ, ಆದಿ ಕರ್ನಾಟಕ ಅಂತಿದೆ. ಟ್ಯೂಬಿನ ಮೇಲೆ ಎಕೆ ಅಂತ ಬರೀತಾನೆ. ಮುಗೀತು! ಆದಿ ಕರ್ನಾಟಕ ಅನ್ನೋದು ಸರ್ಕಾರಿ ಹೆಸರು ಕಣ್ರೀ. ಒಂದು ಜಿಲ್ಲೆಯಲ್ಲಿ ಆ ಹೆಸರಲ್ಲಿ ಹೊಲೆಯರು ಇದ್ದಾರೆ, ಇನ್ನೊಂದು ಕಡೆ ಮಾದಿಗರಿದ್ದಾರೆ. ಇಬ್ಬರ ನಡುವೆ ಮದುವೆ ನಡೆಯಲ್ಲ ಅನ್ನೋದು ಕೇರಿಯ ಮಗುವಿಗೂ ಗೊತ್ತು. ಒಳಮೀಸಲಾತಿ ಹೋರಾಟದಲ್ಲಿ ಮೂವತ್ತು ವರ್ಷ ಇದೇ ಗಂಟು ಬಿಚ್ಚೋಕೆ ಹೆಣಗಾಡಿದ್ದೀವಿ. 2025ರಲ್ಲಿ ನಾಗಮೋಹನದಾಸ್ ಆಯೋಗ ಸಮೀಕ್ಷೆ ಮಾಡಿದಾಗಲೂ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಅನ್ನೋ ಮೂರು ಹೆಸರೇ ತಲೆನೋವಾಯಿತು. ನಮ್ಮ ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ 101 ಹೆಸರಿವೆ. ಅದರಲ್ಲಿ ಯಾವುದು ಮದುವೆಯ ಗುಂಪು, ಯಾವುದು ಬರೀ ಕಾಗದದ ಹೆಸರು ಅಂತ ತಿಳಿಯದೆ ಸೂಪರ್ ಕಂಪ್ಯೂಟರ್ ಓಡಿಸಿದರೆ ಬರೋ ಗ್ರಾಫು ಚೆಂದ ಇರುತ್ತೆ, ಆದರೆ ತಪ್ಪಿರುತ್ತೆ. ಕಚೇರಿಯಲ್ಲಿ ನಾವು ಇದನ್ನ ದಿನಾ ನೋಡ್ತೀವಿ. ರಿಜಿಸ್ಟರಿನ ಕಾಲಂ ತಪ್ಪಾಗಿ ಎಳೆದರೆ ಕೆಳಗಿನ ಟೋಟಲ್ ಸರಿಯಾಗಿದ್ದೂ ಪ್ರಯೋಜನ ಇಲ್ಲ.

ಹಾಗಾಗಿ ನಾನು ಕೇಳ್ತಿರೋದು ದಾನವಲ್ಲ. ನಮ್ಮ ಮಕ್ಕಳು ಒಳಗಿಲ್ಲದಿದ್ದರೆ ಆ ವಿಜ್ಞಾನವೇ ಕುಂಟುತ್ತೆ ಅಂತ ಹೇಳ್ತಿದ್ದೀನಿ.

*

ಯಾರ ಡೇಟಾ, ಯಾರ ಕೈಯಲ್ಲಿ? ಇದನ್ನೂ ನೋಡೋಣ.

2008ರಲ್ಲಿ ಶುರುವಾಗಿ 2015ಕ್ಕೆ ಮುಗಿದ 1000 ಜೀನೋಮ್ಸ್ ಯೋಜನೆ ಅಂತ ಇದೆ. ಇಡೀ ಜಗತ್ತಿನ ವಿದ್ಯಾರ್ಥಿಗಳು ಇವತ್ತಿಗೂ ಅದರ ಮೇಲೇ ಅಭ್ಯಾಸ ಮಾಡ್ತಾರೆ. 26 ಜನಸಮುದಾಯ, 2,504 ಜನ. ಅದರಲ್ಲಿ ಭಾರತದ ಪರವಾಗಿ ಕೂತವರು ಯಾರು ಗೊತ್ತಾ? ಅಮೆರಿಕದ ಹೂಸ್ಟನ್ನಿನ ಗುಜರಾತಿಗಳು ಮತ್ತು ಬ್ರಿಟನ್ನಿನಲ್ಲಿ ನೆಲೆಸಿದ ತೆಲುಗರು. ವೀಸಾ ಸಿಕ್ಕವರ ರಕ್ತ ದೇಶದ ರಕ್ತ ಆಯಿತು. ಕೂಲಿಗೆ ಬೆಂಗಳೂರಿಗೂ ಬಸ್ ಚಾರ್ಜ್ ಹೊಂದಿಸಿಕೊಂಡು ಬರೋರ ಲೆಕ್ಕ ಅಲ್ಲಿಲ್ಲ.

ಈಗ ನಮ್ಮದೇ ಜೀನೋಮ್ ಇಂಡಿಯಾ ಬಂದಿದೆ. 2020ರಲ್ಲಿ ಶುರು, 20 ಸಂಸ್ಥೆಗಳು, 80ಕ್ಕೂ ಹೆಚ್ಚು ಸಮುದಾಯ, 10,000 ಜನರ ಜೀನೋಮ್. ಮುಂದಾಳತ್ವ ನಮ್ಮ ಬೆಂಗಳೂರಿನ ಐಐಎಸ್ಸಿ ಆವರಣದ ಬ್ರೈನ್ ರಿಸರ್ಚ್ ಕೇಂದ್ರದ್ದು. 2025ರ ಜನವರಿಯಲ್ಲಿ ಡೇಟಾವನ್ನ ಸಂಶೋಧಕರಿಗೆ ತೆರೆದರು, ಅದು ಫರೀದಾಬಾದಿನ ಡೇಟಾ ಕೇಂದ್ರದಲ್ಲಿದೆ. ಒಳ್ಳೆಯದೇ. ಇದರಿಂದ ನಿಜವಾದ ಉಪಯೋಗ ಇದೆ. 2017ರ ಒಂದು ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪು ನೋಡಿದಾಗ 81 ಗುಂಪುಗಳು ತೀರಾ ಕಡಿಮೆ ಪೂರ್ವಜರಿಂದ ಬೆಳೆದು ಬಂದವು ಅಂತ ಗೊತ್ತಾಯಿತು. ಅಂಥ ಗುಂಪಿನೊಳಗೆ ಮದುವೆ ಮುಂದುವರಿದಷ್ಟೂ ಕೆಲವು ಅಪರೂಪದ ಕಾಯಿಲೆ ಪದೇ ಪದೇ ಬರುತ್ತೆ. ಆಂಧ್ರದ ವೈಶ್ಯ ಸಮುದಾಯದಲ್ಲಿ ಆಪರೇಷನ್ ವೇಳೆ ಕೊಡೋ ಒಂದು ಸ್ನಾಯು ಸಡಿಲಿಸುವ ಔಷಧಿ ದೇಹದಿಂದ ಬೇಗ ಇಳಿಯದೆ ತೊಂದರೆ ಆಗೋದು ಇದಕ್ಕೆ ಹೆಸರುವಾಸಿ ಉದಾಹರಣೆ. ಜಾತಿ ಮೇಲಿನವರನ್ನೂ ಬಿಟ್ಟಿಲ್ಲ ನೋಡಿ.

ಸಿಕಲ್ ಸೆಲ್ ತಗೊಳ್ಳಿ. ಮಲೇರಿಯಾ ಇದ್ದ ಕಡೆ ರಕ್ತದ ಕೆಲವು ದೋಷಗಳು ಯಾಕೆ ಉಳಿದುಬಂದವು ಅಂತ 1949ರಲ್ಲಿ ಊಹೆ ಕೊಟ್ಟವರೂ ಅದೇ ಹಾಲ್ಡೇನ್. ಭಾರತದಲ್ಲಿ ಸಿಕಲ್ ಸೆಲ್ ಮೊದಲು ಪತ್ತೆಯಾಗಿದ್ದು 1952ರಲ್ಲಿ, ನಮ್ಮ ಪಕ್ಕದ ನೀಲಗಿರಿಯ ಆದಿವಾಸಿಗಳಲ್ಲಿ. ಚಾಮರಾಜನಗರದ ಸೋಲಿಗರ ಹಾಡಿಯಲ್ಲಿ ಇವತ್ತಿಗೂ ಈ ನೋವು ತಿನ್ನೋ ಮಕ್ಕಳಿದ್ದಾರೆ. 2023ರ ಜುಲೈನಿಂದ ಕೇಂದ್ರದ ಮಿಷನ್ ಶುರುವಾಗಿ ಮನೆ ಮನೆಗೆ ರಕ್ತ ಪರೀಕ್ಷೆ ನಡೀತಿದೆ, ಕಾರ್ಡು ಕೊಡ್ತಿದ್ದಾರೆ. ಆ ಕಾರ್ಡಿನಲ್ಲಿ ಬರೆದದ್ದನ್ನ ಸೋಲಿಗರ ತಾಯಿಗೆ ಸೋಲಿಗರ ಮಾತಲ್ಲಿ ಬಿಡಿಸಿ ಹೇಳೋ, ಜೊತೆಗೆ ಆ ಡೇಟಾ ಇಟ್ಟುಕೊಂಡು ತಾನೇ ಪ್ರಬಂಧ ಬರೆಯೋ ಸೋಲಿಗ ಹುಡುಗಿ ಯಾವಾಗ ಬರೋದು?

ಒಪ್ಪಿಗೆಯ ವಿಷಯವೂ ಸಣ್ಣದಲ್ಲ. ಅಮೆರಿಕದ ಹವಸುಪಾಯಿ ಅನ್ನೋ ಮೂಲನಿವಾಸಿ ಜನ ಸಕ್ಕರೆ ಕಾಯಿಲೆ ಅಧ್ಯಯನಕ್ಕೆ ಅಂತ 1990ರ ಸುಮಾರಿಗೆ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ರಕ್ತ ಕೊಟ್ಟರು. ಅದೇ ರಕ್ತವನ್ನ ಅವರಿಗೆ ಹೇಳದೆ ಬೇರೆ ಅಧ್ಯಯನಗಳಿಗೂ ಬಳಸಿದರು, ಅವರ ವಲಸೆಯ ಇತಿಹಾಸದ ಬಗ್ಗೆಯೂ ಬರೆದರು. ಆ ಸಣ್ಣ ಸಮುದಾಯ ಕೋರ್ಟಿಗೆ ಹೋಯಿತು. 2010ರಲ್ಲಿ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಕೊಟ್ಟು, ಉಳಿದ ರಕ್ತದ ಸ್ಯಾಂಪಲ್ಲನ್ನೂ ವಾಪಸ್ ಕೊಟ್ಟಿತು. ನಮ್ಮ ಕೇರಿಗೆ ಬಂದು ರಕ್ತ ತಗೊಂಡು ಹೋದವರು ಏನು ಕಂಡುಕೊಂಡರು ಅಂತ ನಮಗೆ ಎಂದಾದರೂ ಕನ್ನಡದಲ್ಲಿ ಬಂದು ಹೇಳಿದ್ದಾರಾ? ನಿಮಗೆ ಗೊತ್ತಿದ್ದರೆ ಕಾಮೆಂಟಲ್ಲಿ ಬರೀರಿ.

*

ಈಗ ಗೇಟಿನ ಮಾತು.

ಬೆಂಗಳೂರಲ್ಲಿ ವಿಕಾಸ ಓದಬೇಕು ಅಂದ್ರೆ ಹೆಸರು ಮಾಡಿದ ಜಾಗಗಳಲ್ಲಿ ಎರಡು: ಜಿಕೆವಿಕೆ ಆವರಣದ ಎನ್‌ಸಿಬಿಎಸ್, ಅದು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಭಾಗ. ಇನ್ನೊಂದು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಕೇಂದ್ರದ ಶಿಕ್ಷಣ ಸಂಸ್ಥೆಗಳ ಪ್ರವೇಶದಲ್ಲಿ ಎಸ್‌ಸಿಗೆ ಶೇ. 15, ಎಸ್‌ಟಿಗೆ ಶೇ. 7.5, ಒಬಿಸಿಗೆ ಶೇ. 27 ಕೊಡಬೇಕು ಅಂತ 2006ರ ಕಾಯ್ದೆ ಇದೆ. ಅದರ 4ನೇ ಸೆಕ್ಷನ್ ತೆಗೆದು ನೋಡಿ. ಶ್ರೇಷ್ಠತೆಯ ಸಂಸ್ಥೆಗಳಿಗೆ ಇದು ಅನ್ವಯಿಸಲ್ಲ ಅಂತಿದೆ, ಕೊನೆಯಲ್ಲಿ ಒಂದು ಪಟ್ಟಿ ಇದೆ. ಆ ಪಟ್ಟಿಯಲ್ಲಿ ಟಾಟಾ ಸಂಸ್ಥೆಯೂ ಇದೆ, ಜಕ್ಕೂರಿನ ಕೇಂದ್ರವೂ ಇದೆ. 2019ರಲ್ಲಿ ಅಧ್ಯಾಪಕರ ನೇಮಕಕ್ಕೆ ಮೀಸಲಾತಿ ಕಾಯ್ದೆ ಬಂದಾಗಲೂ ಇಂಥದ್ದೇ ಪಟ್ಟಿ, ಇದೇ ಹೆಸರುಗಳು. ಅಲ್ಲಿ ನಮ್ಮವರು ಒಬ್ಬರೂ ಇಲ್ಲ ಅಂತ ನಾನು ಹೇಳ್ತಿಲ್ಲ. ಅಲ್ಲಿನ ಕೆಲವು ಮೇಷ್ಟ್ರುಗಳು ಹಳ್ಳಿ ಮಕ್ಕಳಿಗೆ ಕನ್ನಡದಲ್ಲೇ ವಿಜ್ಞಾನ ಹೇಳೋದನ್ನೂ ಬಲ್ಲೆ. ಆದರೆ ಯಾರದೋ ಒಳ್ಳೆ ಮನಸ್ಸು ಬೇರೆ, ಕಾನೂನು ಕೊಟ್ಟ ಹಕ್ಕು ಬೇರೆ. ಶ್ರೇಷ್ಠತೆಗೂ ಮೀಸಲಾತಿಗೂ ಆಗಿಬರಲ್ಲ ಅಂತ ಪಾರ್ಲಿಮೆಂಟೇ ಬರೆದುಕೊಟ್ಟ ಹಾಗಾಯಿತಲ್ಲ, ಅದು ನನ್ನ ಸಿಟ್ಟು.

ಮೇಲೆ ಯಾರು ಕೂತಿದ್ದಾರೆ ಅಂತಲೂ ನೋಡಿ. 2023ರ ಜನವರಿಯಲ್ಲಿ ನೇಚರ್ ಪತ್ರಿಕೆ ಲೆಕ್ಕ ಸಮೇತ ಬರೆಯಿತು: ಮುಂಚೂಣಿಯ ಐಐಟಿಗಳಲ್ಲಿ, ಐಐಎಸ್ಸಿಯಲ್ಲಿ ದಲಿತ-ಆದಿವಾಸಿ ಪ್ರೊಫೆಸರ್‌ಗಳು ಶೇ. 1ಕ್ಕಿಂತ ಕಡಿಮೆ. ಮೇಲೆ ಗೈಡ್ ಇಲ್ಲ ಅಂದ್ರೆ ಕೆಳಗೆ ಸಂಶೋಧನಾ ವಿದ್ಯಾರ್ಥಿಯ ಕಷ್ಟ ಕೇಳೋರಿಲ್ಲ.

ಕಾಯ್ದೆ ಬಿಡಿ, ಕಣ್ಣಿಗೆ ಕಾಣದ ಗೇಟುಗಳು ಬೇರೆ ಇವೆ. ನಮ್ಮ ತಾಲ್ಲೂಕಿನ ಒಬ್ಬ ಹುಡುಗಿ, ಜುವಾಲಜಿ ಎಂಎಸ್ಸಿ, ಒಳ್ಳೆ ಮಾರ್ಕ್ಸು. ಒಂದು ಸಂಸ್ಥೆಯ ಇಂಥದ್ದೇ ಕೋರ್ಸಿನ ಸಂದರ್ಶನಕ್ಕೆ ಹೋದಳು. ಅರ್ಜಿ ತುಂಬೋಕೆ ನನ್ನ ಹತ್ತಿರ ಬಂದಿದ್ದಳು, ಹಾಗಾಗಿ ಗೊತ್ತು. ಕೆರೆಯ ಕಪ್ಪೆಗಳ ಬಗ್ಗೆ ಅವಳು ಒಂದು ಗಂಟೆ ಮಾತಾಡಬಲ್ಲಳು. ಅಲ್ಲಿ ಕೇಳಿದ್ದು ಮ್ಯಾಟ್ರಿಕ್ಸ್ ಗಣಿತ ಎಲ್ಲಿ ಕಲಿತಿದ್ದೀಯ, ಯಾವ ಕೋಡಿಂಗ್ ಬರುತ್ತೆ, ಆಮೇಲೆ ನಿಮ್ಮಪ್ಪ ಏನು ಕೆಲಸ ಮಾಡ್ತಾರೆ. "ಅಣ್ಣ, ಮೊದಲನೆಯ ಎರಡು ಪ್ರಶ್ನೆಗೆ ನಾಚಿಕೆ ಆಯಿತು, ಮೂರನೆಯದಕ್ಕೆ ಸಿಟ್ಟು ಬಂತು" ಅಂದಳು. ನಾಚಿಕೆ ಯಾಕಮ್ಮ ಪಡ್ತೀಯ? ಪಿಯುಸಿ ಆದಮೇಲೆ ಬಿಎಸ್ಸಿಗೆ ಸಿಬಿಝಡ್ ತಗೊಂಡ ದಿನವೇ ನಮ್ಮ ಮಕ್ಕಳಿಗೆ ಗಣಿತದ ಬಾಗಿಲು ಹಾಕುತ್ತೆ. ಆ ಕಡೆ ಬಿಸಿಎ ಮಾಡಿದ ಹುಡುಗನಿಗೆ ಜೀವಶಾಸ್ತ್ರದ ಬಾಗಿಲು ಹಾಕುತ್ತೆ. ಇಬ್ಬರಲ್ಲೂ ಅರ್ಧರ್ಧ ವಿದ್ಯೆ ಇದೆ. ಎರಡೂ ಅರ್ಧವನ್ನ ಸೇರಿಸೋದೇ ಅಂತರಶಿಸ್ತೀಯ ತರಬೇತಿಯ ಕೆಲಸ ಅಲ್ವಾ? ಎರಡೂ ಮೊದಲೇ ಬರೋನು ಮಾತ್ರ ಬೇಕು ಅಂದ್ರೆ ಇವರು ಕಲಿಸೋದಾದರೂ ಏನು? ಸಾಹಿತ್ಯ ಓದಿದ ಹಾಲ್ಡೇನ್ ಈ ಸಂದರ್ಶನಕ್ಕೆ ಬಂದಿದ್ದರೆ ಪಾಸಾಗ್ತಿದ್ದರಾ?

ಶಾಲೆಯಿಂದಲೇ ಗೇಟು ಹಾಕೋಕೆ ಶುರು. 2023ರಲ್ಲಿ ಎನ್‌ಸಿಇಆರ್‌ಟಿ 10ನೇ ಕ್ಲಾಸಿನ ಪುಸ್ತಕದಿಂದ ವಿಕಾಸದ ಪಾಠ ತೆಗೆಯಿತು. ಅನುವಂಶೀಯತೆ ಮತ್ತು ವಿಕಾಸ ಅಂತಿದ್ದ ಅಧ್ಯಾಯ ಬರೀ ಅನುವಂಶೀಯತೆ ಆಯಿತು. 12ನೇ ಕ್ಲಾಸಲ್ಲಿ ಇದೆಯಲ್ಲ ಅಂದರು. 12ರಲ್ಲಿ ಜೀವಶಾಸ್ತ್ರ ತಗೊಳ್ಳೋರು ಎಷ್ಟು ಜನ? ಬ್ರಹ್ಮನ ಪಾದದಿಂದ ಹುಟ್ಟಿದವರು ಅಂತ ಹೇಳಿಸಿಕೊಂಡ ಜನಕ್ಕೆ, ಮನುಷ್ಯರೆಲ್ಲ ಒಂದೇ ಕೊಂಬೆಯ ಚಿಗುರು ಅಂತ ಹೇಳೋ ಪಾಠ 10ರಲ್ಲೇ ಸಿಗಬೇಕಿತ್ತು.

ದುಡ್ಡಿನ ಗೇಟು ಎಲ್ಲದಕ್ಕಿಂತ ದೊಡ್ಡದು. ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಕೇಳೋಕೆ ಚೆನ್ನಾಗಿದೆ. ಅದು ತಿಂಗಳು ತಿಂಗಳು ಬಂದರೆ ತಾನೇ? ರೋಹಿತ್ ವೇಮುಲನನ್ನ ನೆನಪು ಮಾಡಿಕೊಳ್ಳಿ. ಪ್ರಾಣಿ ಜೈವಿಕ ತಂತ್ರಜ್ಞಾನದಲ್ಲಿ ಎಂಎಸ್ಸಿ. ಆಮೇಲೆ ವಿಜ್ಞಾನ, ತಂತ್ರಜ್ಞಾನ ಮತ್ತು ಸಮಾಜ ಅನ್ನೋ ವಿಷಯದಲ್ಲಿ ಪಿಎಚ್‌ಡಿ. ಅಪ್ಪಟ ಅಂತರಶಿಸ್ತೀಯ ವಿದ್ಯಾರ್ಥಿ. ಕಾರ್ಲ್ ಸೇಗನ್ ಥರ ವಿಜ್ಞಾನ ಬರೆಯಬೇಕು ಅಂತಿದ್ದ. 2016ರ ಜನವರಿ 17ರಂದು ಹೋಗುವಾಗ ಬರೆದಿಟ್ಟ ಪತ್ರದಲ್ಲಿ ತನಗೆ ಏಳು ತಿಂಗಳ ಫೆಲೋಶಿಪ್ ಬರಬೇಕು ಅಂತ ನೆನಪಿಸಿ ಹೋದ. ರೋಹಿತ್ ಹೆಸರಲ್ಲಿ ಕಾಯ್ದೆ ತರ್ತೀವಿ ಅಂತ ನಮ್ಮ ರಾಜ್ಯದಲ್ಲಿ ಹೇಳ್ತಿದ್ದಾರೆ. ತರಲಿ. ಆ ಕಾಯ್ದೆಯಲ್ಲಿ ಫೆಲೋಶಿಪ್ ತಡ ಮಾಡೋದೂ ಕಿರುಕುಳ ಅಂತ ಒಂದು ಸಾಲು ಸೇರಲಿ.

ವಿದೇಶಕ್ಕೆ ಹೋಗೋಣ ಅಂದ್ರೆ? ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ಗೆ 2025ರಲ್ಲಿ 106 ಜನ ಆಯ್ಕೆಯಾದರು. ಮೊದಲಿಗೆ ಪತ್ರ ಸಿಕ್ಕಿದ್ದು 40 ಜನಕ್ಕೆ, ಉಳಿದವರಿಗೆ ದುಡ್ಡು ಬಂದರೆ ಕೊಡ್ತೀವಿ ಅಂದರು. ಇನ್ನೊಂದು ಕೇಳಿ. 2022ರಲ್ಲಿ ಇದರ ನಿಯಮ ತಿದ್ದಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜದ ಅಧ್ಯಯನ ಮಾಡೋರಿಗೆ ಈ ಸ್ಕಾಲರ್‌ಶಿಪ್ ಇಲ್ಲ ಅಂತ ಸೇರಿಸಿದರು. ಬರೋಡಾ ಮಹಾರಾಜರು ಈ ನಿಯಮ ಹಾಕಿದ್ದಿದ್ದರೆ 1916ರ ಆ ಪ್ರಬಂಧ ಬರೆಯೋಕೆ ಆಗ್ತಿರಲಿಲ್ಲ. ಜಾತಿಯ ಇತಿಹಾಸವನ್ನ ಡಿಎನ್‌ಎಯಲ್ಲಿ ಓದ್ತೀನಿ ಅಂತ ನಮ್ಮ ಹುಡುಗಿ ಅರ್ಜಿ ಹಾಕಿದರೆ ಅದು ಜೀವಶಾಸ್ತ್ರವೋ, ಭಾರತದ ಸಮಾಜವೋ? ಯಾವ ಗುಮಾಸ್ತ ತೀರ್ಮಾನ ಮಾಡ್ತಾನೆ?

*

ಇಷ್ಟು ಹೊತ್ತು ಅವರನ್ನ ಕೇಳಿದ್ದಾಯಿತು. ಈಗ ನಮ್ಮೊಳಗಿನ ಎರಡು ಮಾತು. ಬೇಜಾರು ಮಾಡ್ಕೋಬೇಡಿ.

ಒಂದು. ನಮ್ಮ ಗುಂಪುಗಳಲ್ಲೇ ವಾರಕ್ಕೊಂದು ಫಾರ್ವರ್ಡ್ ಬರುತ್ತೆ. ಡಿಎನ್‌ಎ ಟೆಸ್ಟಿನಲ್ಲಿ ಬ್ರಾಹ್ಮಣರು ವಿದೇಶಿಗಳು, ನಾವೇ ಶುದ್ಧ ಮೂಲನಿವಾಸಿಗಳು ಅಂತ ಸಾಬೀತಾಗಿದೆ ಅಂತ. 2001ರ ಒಂದು ಸಂಶೋಧನಾ ಲೇಖನವನ್ನ ಹಿಡಿದುಕೊಂಡು ಇಪ್ಪತ್ತು ವರ್ಷದಿಂದ ಇದನ್ನ ಹೇಳ್ತಿದ್ದೀವಿ. ಗೆಳೆಯರೆ, ಆಮೇಲೆ ಬಂದ ದೊಡ್ಡ ಅಧ್ಯಯನಗಳೆಲ್ಲ ಹೇಳ್ತಿರೋದು ಈ ದೇಶದಲ್ಲಿ ಶುದ್ಧ ಅನ್ನೋರು ಯಾರೂ ಇಲ್ಲ ಅಂತ. ಪಾಲು ಹೆಚ್ಚು ಕಡಿಮೆ ಇದೆ, ಅಷ್ಟೆ. ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಬರೆದ ಪುಸ್ತಕದಲ್ಲಿ ಏನು ಮಾಡಿದರು? ರಿಸ್ಲಿ ಅನ್ನೋ ಬ್ರಿಟಿಷ್ ಅಧಿಕಾರಿ ಮೂಗಿನ ಅಗಲ ಅಳೆದು ಜಾತಿಯ ಮೇಲು-ಕೀಳು ಹೇಳಿದ್ದ. ಬಾಬಾಸಾಹೇಬರು ಅಂಥದ್ದೇ ಮೂಗಿನ ಅಳತೆಗಳ ಕೋಷ್ಟಕ ತೆಗೆದು, ಪ್ರಾಂತ್ಯವಾರು ಪಕ್ಕಪಕ್ಕ ಇಟ್ಟು, ಬ್ರಾಹ್ಮಣನೂ ಅಸ್ಪೃಶ್ಯನೂ ಬೇರೆ ಬೇರೆ ಜನಾಂಗ ಅಲ್ಲ ಅಂತ ಅದೇ ಡೇಟಾದಿಂದ ತೋರಿಸಿದರು. ಅಳೆದವನ ಟೇಪಿನಲ್ಲೇ ಅಳೆದವನ ಸಿದ್ಧಾಂತ ಮುರಿದರು. ನಾವು ರಕ್ತದ ಶುದ್ಧಿ ಹೇಳಿದರೆ ಬಾಬಾಸಾಹೇಬರ ಕಡೆ ಇರಲ್ಲ, ರಿಸ್ಲಿ ಕಡೆ ಹೋಗ್ತೀವಿ. ಜೀನಿನಲ್ಲಿ ಜಾತಿ ಬರೆದಿಲ್ಲ. ಯಾರು ಯಾರ ಮನೆಗೆ ಹೆಣ್ಣು ಕೊಡಲಿಲ್ಲ ಅನ್ನೋ ಲೆಕ್ಕ ಮಾತ್ರ ಅಲ್ಲಿದೆ.

ಈ ವಿದ್ಯೆಯ ಹಿಂದೆ ಕೆಟ್ಟ ಇತಿಹಾಸ ಇದೆ ಅನ್ನೋದೂ ನಿಜ. ಗಾಲ್ಟನ್ 1883ರಲ್ಲಿ ಯುಜೆನಿಕ್ಸ್ ಅನ್ನೋ ಹೆಸರಿಟ್ಟ, ಅಂದ್ರೆ ಒಳ್ಳೆ ತಳಿಯ ಮನುಷ್ಯರನ್ನ ಬೆಳೆಸೋ ಶಾಸ್ತ್ರ. ಪಿಯರ್ಸನ್, ಫಿಶರ್ ಅಂಥ ಸಂಖ್ಯಾಶಾಸ್ತ್ರದ ದೊಡ್ಡ ತಲೆಗಳು ಅದರ ಹಿಂದೆ ಹೋದವು. ಇವತ್ತಿನ ಡೇಟಾ ಸೈನ್ಸಿನ ಎಷ್ಟೋ ಸೂತ್ರ ಹುಟ್ಟಿದ್ದು ಆ ಮನೆಯಲ್ಲೇ. ಲಂಡನ್ನಿನ ಯುಸಿಎಲ್ 2020ರಲ್ಲಿ ಗಾಲ್ಟನ್, ಪಿಯರ್ಸನ್ ಹೆಸರನ್ನ ಕಟ್ಟಡಗಳಿಂದ ತೆಗೆಯಿತು. ಇಂಥ ಇತಿಹಾಸ ಇರೋದರಿಂದಲೇ ಈ ವಿದ್ಯೆಯನ್ನ ಅವರ ಕೈಗೆ ಪೂರ್ತಿ ಬಿಡಬಾರದು ಅಂತೀನಿ ನಾನು.

ಎರಡು. ಮಲದ ಗುಂಡಿಯಲ್ಲಿ ಜನ ಸಾಯ್ತಿರುವಾಗ ಪಿಎಚ್‌ಡಿ ಮಾತಾ, ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂವಾ ಅಂತ ಒಬ್ಬ ಹಿರಿಯ ಸಂಗಾತಿ ಕೇಳಿದರು. ಅಣ್ಣ, ಜುಟ್ಟು ನಮ್ಮದಲ್ಲ, ಗಾದೆಯೇ ನಮ್ಮದಲ್ಲ. ಗುಂಡಿಯ ಹೋರಾಟ ಒಂದು ದಿನವೂ ನಿಲ್ಲಬಾರದು. ಆದರೆ ನಾಳೆ ಯಾವ ಕಾಯಿಲೆಗೆ ಔಷಧಿ ಹುಡುಕಬೇಕು, ಯಾವ ಸಮುದಾಯವನ್ನ ಲೆಕ್ಕಕ್ಕೆ ತಗೋಬೇಕು, ಯಾರ ಡೇಟಾ ಯಾರಿಗೆ ಮಾರಬೇಕು ಅನ್ನೋ ತೀರ್ಮಾನ ಈ ಲ್ಯಾಬುಗಳಲ್ಲಿ ಆಗ್ತಿದೆ. ಅಲ್ಲಿ ನಾವು ಕಸ ಗುಡಿಸೋ ಗುತ್ತಿಗೆ ಕಾರ್ಮಿಕರಾಗಿ ಈಗಾಗಲೇ ಇದ್ದೀವಿ. ರಕ್ತದ ಟ್ಯೂಬಾಗಿಯೂ ಇದ್ದೀವಿ. ಪ್ರಶ್ನೆ ಕೇಳೋ ಕುರ್ಚಿಯಲ್ಲಿ ಮಾತ್ರ ಇಲ್ಲ.

*

ಹಾಗಾದರೆ ಏನು ಕೇಳಬೇಕು? ನನ್ನ ಪಟ್ಟಿ ಇದು. ಸೇರಿಸಿ, ತಿದ್ದಿ.

1. ಶ್ರೇಷ್ಠತೆಯ ಹೆಸರಲ್ಲಿ ಮೀಸಲಾತಿಯಿಂದ ಬಿಟ್ಟಿರೋ ಪಟ್ಟಿಯನ್ನ 2006, 2019ರ ಎರಡೂ ಕಾಯ್ದೆಗಳಿಂದ ತೆಗೀಬೇಕು. ನಮ್ಮ ಎಂಪಿಗಳಿಗೆ ಪತ್ರ ಬರೆಯೋಣ. ಕರಡು ನಾನು ಮಾಡಿಕೊಡ್ತೀನಿ, ಅದು ನನ್ನ ದಿನದ ಕೆಲಸ.

2. ಇಂಥ ಪಿಎಚ್‌ಡಿಗೆ ಮೊದಲು ಒಂದು ವರ್ಷದ ಸೇತುವೆ ಕೋರ್ಸ್, ಪೂರ್ತಿ ಸ್ಟೈಪೆಂಡ್ ಸಮೇತ. ಸಿಬಿಝಡ್ ಮಕ್ಕಳಿಗೆ ಗಣಿತ ಮತ್ತು ಕೋಡಿಂಗ್, ಬಿಸಿಎ ಮಕ್ಕಳಿಗೆ ಜೀವಶಾಸ್ತ್ರ. ಕನ್ನಡ ಮೀಡಿಯಂನಿಂದ ಬಂದವರಿಗೆ ಮೊದಲ ಆರು ತಿಂಗಳು ಕನ್ನಡದಲ್ಲೂ ವಿವರಿಸೋ ವ್ಯವಸ್ಥೆ.

3. ಸಂದರ್ಶನದಲ್ಲಿ ಅಪ್ಪನ ಕೆಲಸ, ಊರು, ಸರ್‌ನೇಮ್ ಕೇಳೋದು ನಿಲ್ಲಬೇಕು. ಸಮಿತಿಯಲ್ಲಿ ಎಸ್‌ಸಿ-ಎಸ್‌ಟಿ ಸದಸ್ಯರು ಇರಲೇಬೇಕು, ಸಹಿ ಹಾಕೋಕೆ ಮಾತ್ರ ಅಲ್ಲ.

4. ಫೆಲೋಶಿಪ್ ಸಂಬಳದ ಹಾಗೆ ತಿಂಗಳ ಕೊನೆಗೆ ಬರಬೇಕು. ಸರ್ಕಾರಿ ನೌಕರನ ಸಂಬಳ ಏಳು ತಿಂಗಳು ನಿಂತರೆ ಸುಮ್ಮನೆ ಇರ್ತೀವಾ?

5. ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆಯಲ್ಲಿ ಇಂಥ ಹೊಸ ವಿಷಯಗಳಿಗೆ ಜಾಗ ಇರಲಿ, ಜಾತಿಯ ಅಧ್ಯಯನಕ್ಕೆ ನಿಷೇಧ ಬೇಡ.

6. ನಮ್ಮ ಕೇರಿ, ಹಾಡಿ, ತಾಂಡಾಗಳಿಂದ ರಕ್ತ ತಗೊಂಡವರು ಫಲಿತಾಂಶವನ್ನ ಕನ್ನಡದಲ್ಲಿ ಬಂದು ಹೇಳಬೇಕು. ಸಮುದಾಯದ ಹೆಸರು ಟ್ಯೂಬಿನ ಮೇಲೆ ಬರೆಯೋಕೆ ಮುಂಚೆ ಆ ಸಮುದಾಯವನ್ನ ಕೇಳಬೇಕು.

ಏಳನೆಯದು ನಮಗೆ. ಏಪ್ರಿಲ್ 14ಕ್ಕೆ ಡಿಜೆಗೆ, ಫ್ಲೆಕ್ಸಿಗೆ ಎಷ್ಟು ಹೋಗುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಜಯಂತಿ ಜೋರಾಗೇ ಆಗಲಿ. ಅದರಲ್ಲಿ ಕಾಲು ಭಾಗ ಉಳಿಸಿದರೆ ತಾಲ್ಲೂಕಿಗೆ ಎರಡು ಲ್ಯಾಪ್‌ಟಾಪ್, ಒಂದು ಇಂಟರ್ನೆಟ್ ಸಂಪರ್ಕ ಬರುತ್ತೆ. ಆರ್, ಪೈಥಾನ್ ಎರಡೂ ಪುಕ್ಕಟೆ ಸಿಗೋ ಭಾಷೆಗಳು. 1000 ಜೀನೋಮ್ಸ್ ಡೇಟಾ ಪುಕ್ಕಟೆ. ವೈರಸ್ಸಿನ ಜೀನ್ ಮಾಹಿತಿಯೂ ಅಮೆರಿಕದ ಜೀನ್‌ಬ್ಯಾಂಕಿನಲ್ಲಿ ಪುಕ್ಕಟೆ. ಇಷ್ಟು ದೊಡ್ಡ ವಿದ್ಯೆಯ ಕಚ್ಚಾ ಸಾಮಾನು ಹೀಗೆ ಬೀದಿಗೆ ಬಂದಿರೋದು ಚರಿತ್ರೆಯಲ್ಲೇ ಅಪರೂಪ. ಅಂಬೇಡ್ಕರ್ ಭವನದ ಒಂದು ಕೋಣೆ, ಭಾನುವಾರ ಎರಡು ಗಂಟೆ ಸಾಕು ಶುರು ಮಾಡೋಕೆ.

ಕಪ್ಪೆಯ ಹುಡುಗಿ ಈಗ ಪೈಥಾನ್ ಕಲೀತಿದ್ದಾಳೆ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕ್ತಾಳೆ. ಅವಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡೋರು ಬೇಕಾಗಿದ್ದಾರೆ. ನಿಮ್ಮಲ್ಲಿ ಮೇಷ್ಟ್ರು, ಇಂಜಿನಿಯರ್ರು, ಸಂಶೋಧನೆ ಮಾಡ್ತಿರೋರು ಯಾರಾದರೂ ವಾರಕ್ಕೆ ಒಂದು ಗಂಟೆ ಕೊಡೋಕೆ ಆಗುತ್ತೆ ಅಂದ್ರೆ ಇನ್‌ಬಾಕ್ಸಿಗೆ ಬನ್ನಿ. ಲೈಕ್ ಒತ್ತಿ ಮುಂದೆ ಹೋಗಬೇಡಿ.

ಜೈ ಭೀಮ್.